ವ್ಯಾನಿನ ಎಡಗಡೆ ಗೀರಿದವರು ಯಾರು?

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ವ್ಯಾನ್ ಮಾವ ಬೀದಿಗೆ ಬಂದು ತನ್ನ ವ್ಯಾನಿನ ಎಡಗಡೆ ನೋಡಿದ. ಅನುಮಾನ ಸುಳ್ಳಾಗಲಿಲ್ಲ. ಹಿಂದಿನ ಬಾಗಿಲಿನಿಂದ ಚಕ್ರದ ತನಕ ಇನ್ನೊಂದು ಗೀರು ಬಿದ್ದಿತ್ತು. ಹಳದಿ ಬಣ್ಣ ಎದ್ದುಹೋಗಿ ಒಳಗಿನ ತಗಡು ಕಾಣುತ್ತಿತ್ತು.

"ಬಾರೇ ಇಲ್ಲಿ! ಮತ್ತೆ ಗೀರಿದಾನೆ ನೋಡು!" ಎಂದು ಹೆಂಡತಿಯನ್ನು ಕೂಗಿದ.

"ಯಾರು?"

"ಯಾರು ಅಂತ ಬೇರೆ ಕೇಳ್ತೀಯಾ? ಕಬ್ಬಿಣ ಕೊಯ್ಯೋ ಕೈ ಈ ಬೀದೀಲಿ ಇನ್ಯಾರಿಗಿದೆ?"

ಎದುರುಮನೆಯ ವೆಲ್ಡಿಂಗಿನವನು ಆಗಷ್ಟೇ ತನ್ನ ಶೆಡ್ಡಿನ ಶಟರ್ ಎತ್ತುತ್ತಿದ್ದ. ವ್ಯಾನು ಶೆಡ್ಡಿಗೆ ಅಡ್ಡ ನಿಲ್ಲುತ್ತದೆ ಎಂದು ಹಿಂದೊಮ್ಮೆ ಅವನಿಗೂ ವ್ಯಾನ್ ಮಾವನಿಗೂ ಮಾತಿಗೆ ಮಾತು ಬೆಳೆದಿತ್ತು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ, ಗುರಾಯಿಸುವುದು ಮಾತ್ರ.

ವ್ಯಾನ್ ಮಾವ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಆ ವ್ಯಾನಿನ ಮಾಲೀಕನೂ ಹೌದು, ಡ್ರೈವರೂ ಹೌದು. ಹೆಸರಿಟ್ಟವರು ಮಕ್ಕಳು. ಬೀದಿಯವರೆಲ್ಲ ಹಾಗೇ ಕರೆಯತೊಡಗಿ, ಅವನ ನಿಜವಾದ ಹೆಸರು ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ವಯಸ್ಸು ಐವತ್ತು ದಾಟಿತ್ತು. ಇಷ್ಟು ವರ್ಷ ಸ್ಟೇರಿಂಗ್ ಹಿಡಿದರೂ ಒಂದು ಕೋಳಿಗೂ ಗಾಡಿ ತಾಗಿಸಿದವನಲ್ಲ ಎಂದು ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದ.

ಈಚೆಗೆ ಅವನಿಗೆ ಎಲ್ಲದರ ಮೇಲೂ ಅನುಮಾನ. ಮನೆಯೊಳಗೆ ಸ್ಟೂಲು ಎಡವಿದರೆ, "ಇದನ್ನ ಬೇಕಂತಲೇ ದಾರೀಲಿ ಇಟ್ಟೋರು ಯಾರು?" ಎನ್ನುತ್ತಿದ್ದ. ಬಾಗಿಲಿನ ಚೌಕಟ್ಟಿಗೆ ಎಡಭುಜ ಬಡಿದರೆ ಬಡಗಿಯನ್ನು ಬೈಯುತ್ತಿದ್ದ. ರಸ್ತೆಯಲ್ಲಂತೂ ಸೈಕಲ್ಲಿನವರು, ಸ್ಕೂಟರಿನವರು ಎಡಗಡೆಯಿಂದ ನೆಲ ಸೀಳಿಕೊಂಡು ಬಂದ ಹಾಗೆ ಧುತ್ತೆಂದು ಎದುರಾಗುತ್ತಿದ್ದರು. "ಎಲ್ಲರೂ ಸೇರಿ ನನ್ನ ಹೆಸರು ಕೆಡಿಸೋಕೆ ನಿಂತಿದಾರೆ ಕಣೇ" ಎಂದು ಹೆಂಡತಿಯ ಹತ್ತಿರ ಹೇಳುತ್ತಿದ್ದ.

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಂತೆ" ಎಂದಳು ಅವಳು. "ಒಂದ್ಸಲ ಕಣ್ಣಾದ್ರೂ ತೋರಿಸ್ಕೊಳ್ಳಿ."

"ನನ್ನ ಕಣ್ಣಿಗೇನಾಗಿದೆ? ಆ ತುದೀಲಿರೋ ಔಷಧಿ ಅಂಗಡಿ ಬೋರ್ಡ್ ಓದ್ಲಾ?" ಎಂದು ಓದಿಯೇ ತೋರಿಸಿದ, ಕೆಳಗಿನ ಸಣ್ಣಕ್ಷರದ ಸಾಲು ಸಮೇತ. ಅವಳು ಸುಮ್ಮನಾದಳು.

ಸುಮ್ಮನಾಗದವಳು ಒಬ್ಬಳಿದ್ದಳು. ಹೆಂಡತಿಯ ತಂಗಿಯ ಮಗಳು ಇವರ ಮನೆಯಲ್ಲೇ ಇದ್ದು ಆಪ್ಟೊಮೆಟ್ರಿ ಓದುತ್ತಿದ್ದಳು. ಕಣ್ಣು ಪರೀಕ್ಷೆ ಮಾಡುವ ಓದು ಅದು. ಮೊದಲ ವರ್ಷ ಬೆಳಕು, ಮಸೂರ, ಕಣ್ಣಿನ ಒಳರಚನೆ ಎಂದು ಪುಸ್ತಕದಲ್ಲೇ ಮುಳುಗಿರುತ್ತಿದ್ದಳು. ಈ ವರ್ಷ ಕಾಲೇಜಿನ ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ತರಬೇತಿ ಶುರುವಾಗಿತ್ತು. ಬಿಳಿ ಕೋಟನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಬೆಳಿಗ್ಗೆಯೇ ಹೊರಡುತ್ತಿದ್ದಳು.

"ಡಾಕ್ಟರೂ ಅಲ್ಲ, ಕನ್ನಡಕದ ಅಂಗಡೀನೂ ಅಲ್ಲ. ಇದೆಂಥ ಓದೋ!" ಎಂದು ವ್ಯಾನ್ ಮಾವ ಮೊದಲಿನಿಂದಲೂ ಮೂಗು ಮುರಿಯುತ್ತಿದ್ದ. ಈಗ ಅವನಿಗೆ ಇನ್ನೊಂದು ಅನುಮಾನ ಹುಟ್ಟಿತು. ಈ ಹುಡುಗಿ ತನ್ನನ್ನೇ ಗಮನಿಸುತ್ತಿದ್ದಾಳೆ! ಚಪ್ಪಲಿ ಹಾಕುವಾಗ, ಮೆಟ್ಟಿಲಿಳಿಯುವಾಗ, ಗಾಡಿ ತಿರುಗಿಸುವಾಗ ಅವಳ ಕಣ್ಣು ತನ್ನ ಮೇಲೆ. ಒಂದು ಸಂಜೆ ಎಡಗಡೆಯಿಂದ ಬಂದು ಟೀ ಲೋಟ ಹಿಡಿದು ಮಾತಿಲ್ಲದೆ ನಿಂತಿದ್ದಳು. ಅವನಿಗೆ ಗೊತ್ತೇ ಆಗಲಿಲ್ಲ. ತಲೆ ತಿರುಗಿಸಿದಾಗ ಬೆಚ್ಚಿಬಿದ್ದ.

"ಕಳ್ಳಬೆಕ್ಕಿನ ಹಾಗೆ ಯಾಕೆ ಬರ್ತೀಯ?"

"ಆಗ್ಲಿಂದ ಇಲ್ಲೇ ಇದೀನಿ ದೊಡ್ಡಪ್ಪ" ಎಂದಳು ಮೆಲ್ಲಗೆ. ಆ ಮೆಲ್ಲನೆಯ ದನಿಯೂ ಅವನಿಗೆ ಹಿಡಿಸಲಿಲ್ಲ.

ಮರುದಿನ ಅವಳು ಹಿತ್ತಿಲಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. "ಮೇಡಂ, ನಮ್ಮನೇಲೇ ಒಂದು ಕೇಸ್ ಇರೋ ಹಾಗಿದೆ... ಹೌದು ಮೇಡಂ, ಗಾಡಿ ಓಡಿಸ್ತಾರೆ, ಮಕ್ಕಳನ್ನ ಕೂರಿಸ್ಕೊಂಡು... ಇಲ್ಲ, ಅವರಿಗೆ ಗೊತ್ತಿಲ್ಲ..."

ಕೇಸ್! ವ್ಯಾನ್ ಮಾವನ ಮೈಯೆಲ್ಲ ಉರಿದುಹೋಯಿತು. ಅನ್ನ ಹಾಕಿದ ಮನೆಗೇ ಕೇಸ್ ಹಾಕುತ್ತಾಳಲ್ಲ ಈ ಹುಡುಗಿ! ಶಾಲೆಯ ಮೇಡಂಗೆ ಚಾಡಿ ಹೇಳಿ ತನ್ನ ಕೈಯಿಂದ ಸ್ಟೇರಿಂಗ್ ಕಿತ್ತುಕೊಳ್ಳುವ ಹುನ್ನಾರ!

"ಯಾವ ಠಾಣೇಲಿ ಹಾಕಿದೀಯಮ್ಮ ಕೇಸು?" ಎಂದು ಎದುರು ಹೋಗಿ ನಿಂತ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಯ್ಯೋ ದೊಡ್ಡಪ್ಪ, ನಾವು ರೋಗಿಗಳಿಗೆ ಕೇಸ್ ಅಂತೀವಿ. ಮಾತಾಡಿದ್ದು ನಮ್ಮ ಕ್ಲಿನಿಕ್ ಮೇಡಂ ಹತ್ರ. ನಿಮಗೆ ಪಕ್ಕದ ನೋಟ ಕಮ್ಮಿ ಆಗಿರಬಹುದು ಅಂತ ನನಗೆ ಭಯ. ನೇರ ನೋಡಿದ್ದು ಚೆನ್ನಾಗಿ ಕಾಣುತ್ತೆ. ಆದ್ರೆ ಎಡಗಡೆ ಏನಿದೆ ಅಂತ ಗೊತ್ತಾಗ್ತಿಲ್ಲ. ಬೀದಿ ತಿರುವಿನ ಕರೆಂಟ್ ಕಂಬ ನೋಡಿದೀರಾ? ಅದಕ್ಕೆಲ್ಲ ನಮ್ಮ ವ್ಯಾನಿನ ಹಳದಿ ಬಣ್ಣ ಮೆತ್ತಿದೆ."

"ಅದನ್ನೂ ಆ ವೆಲ್ಡಿಂಗಿನೋನೇ ಬಳಿದಿರ್ತಾನೆ!"

"ದೊಡ್ಡಪ್ಪ, ಒಂದೇ ಒಂದು ಸಲ ಕ್ಲಿನಿಕ್‌ಗೆ ಬನ್ನಿ."

"ಕಲಿಯೋ ಮಕ್ಕಳ ಕೈಗೆ ಕಣ್ಣು ಕೊಡೋದಾ? ಕ್ಷೌರ ಕಲಿಯೋನ ಮುಂದೆ ತಲೆ ಬಗ್ಗಿಸಿದ ಹಾಗೆ! ತಲೆ ಆದ್ರೆ ಕೂದಲು ಮತ್ತೆ ಬರುತ್ತೆ. ಕಣ್ಣು ಬರುತ್ತಾ?"

ಕಣ್ಣು ಮತ್ತೆ ಬರುವುದಿಲ್ಲ ಎಂಬುದೇ ಅವಳ ಭಯವೂ ಆಗಿತ್ತು. ಆದರೆ ಅವನು ಆಗಲೇ ಬೆನ್ನು ತಿರುಗಿಸಿದ್ದ.

ಅದೇ ವಾರ ಒಂದು ಮಧ್ಯಾಹ್ನ ವ್ಯಾನ್ ಮಾವ ಶಾಲೆಯಿಂದ ಮಕ್ಕಳನ್ನು ಕರೆತಂದು ಬೀದಿಯಲ್ಲಿ ಗಾಡಿ ನಿಲ್ಲಿಸಿದ. ಚಿಕ್ಕ ಹುಡುಗಿಯೊಬ್ಬಳು ಎಡಬಾಗಿಲಿನಿಂದ ಇಳಿದು "ಟಾಟಾ ಮಾವ" ಎಂದಳು. ಬಾಗಿಲು ಮುಚ್ಚಿದ ಸದ್ದಾಯಿತು. ಅವನು ಎಡಗನ್ನಡಿಯತ್ತ ಒಮ್ಮೆ ನೋಡಿ ಗಾಡಿ ಮುಂದಕ್ಕೆ ಬಿಟ್ಟ.

ಢಣ್ ಎಂದು ವ್ಯಾನಿನ ಮೈಗೆ ಕಬ್ಬಿಣ ಬಡಿಯಿತು. "ನಿಲ್ಸು! ನಿಲ್ಸೋ ಗಾಡೀನ!"

ವ್ಯಾನ್ ಮಾವ ಬ್ರೇಕ್ ಒತ್ತಿ ಕೆಳಗೆ ಹಾರಿದ. ವೆಲ್ಡಿಂಗಿನವನು ಕಬ್ಬಿಣದ ಸರಳು ಹಿಡಿದು ವ್ಯಾನಿನ ಎಡಗಡೆಯೇ ನಿಂತಿದ್ದ. ಕಳ್ಳ ಮಾಲಿನ ಸಮೇತ ಸಿಕ್ಕಿದ! "ಸಿಕ್ಕಿಬಿದ್ಯಲ್ಲೋ ಕೊನೆಗೂ!" ಎನ್ನುತ್ತಾ ವ್ಯಾನಿನ ಮುಂದಿನಿಂದ ಸುತ್ತಿ ಬಂದವನು ಅಲ್ಲೇ ಕಲ್ಲಾದ.

ಎಡಗಡೆಯ ಮುಂದಿನ ಚಕ್ರದ ಎದುರಿಗೆ ಆ ಹುಡುಗಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅವಳ ನೀರಿನ ಬಾಟಲಿ ಉರುಳಿ ಅಲ್ಲಿಗೆ ಹೋಗಿತ್ತು. ಎತ್ತಿಕೊಳ್ಳಲು ಬಂದಿದ್ದಳು. ಚಕ್ರಕ್ಕೂ ಅವಳಿಗೂ ನಡುವೆ ಒಂದು ಗೇಣೂ ಇರಲಿಲ್ಲ.

"ನಿನಗೆ ಕಣ್ಣು ಕಾಣಲ್ವೇನಯ್ಯಾ?" ಎಂದ ವೆಲ್ಡಿಂಗಿನವನು. "ಇವಳು ಗಾಡಿ ಮುಂದೆ, ನಿನ್ನ ಕಣ್ಣೆದುರೇ ಓಡಿದಳಲ್ಲೋ!"

ವ್ಯಾನ್ ಮಾವ ಮಗುವನ್ನು ಎತ್ತಿ ಅದರ ಮನೆಯ ಬಾಗಿಲಿನ ತನಕ ತಾನೇ ಹೊತ್ತೊಯ್ದ. ಉಳಿದ ಮಕ್ಕಳನ್ನು ನಡೆಸಿಕೊಂಡೇ ಅವರವರ ಮನೆ ಸೇರಿಸಿದ. ಮನೆಗೆ ಬಂದು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, "ನಿಮ್ಮ ಕ್ಲಿನಿಕ್ ಬೆಳಿಗ್ಗೆ ಎಷ್ಟೊತ್ತಿಗೆ ತೆಗೀತಾರಮ್ಮ?" ಎಂದು ಕೇಳಿದ.

ಹೋಗಲು ಒಪ್ಪಿದನೇ ಹೊರತು ಅನುಮಾನ ಬಿಟ್ಟಿರಲಿಲ್ಲ. ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ ಎಲ್ಲಿ ನೋಡಿದರೂ ಬಿಳಿ ಕೋಟು ತೊಟ್ಟ ಹುಡುಗ ಹುಡುಗಿಯರು. "ಮಕ್ಕಳ ಸಂತೆ" ಎಂದು ಗೊಣಗಿದ. ಮನೆಯವರನ್ನು ಮನೆಯವರೇ ಪರೀಕ್ಷಿಸಬಾರದು ಎಂದು ಅಲ್ಲಿನ ಮೇಡಂ ನಿಯಮ ಮಾಡಿದ್ದರು. ಹಾಗಾಗಿ ಹುಡುಗಿ ಹೊರಗೆ ಬೆಂಚಿನ ಮೇಲೆ ಉಳಿದಳು, ಹೆಂಡತಿ ಅವನ ಜೊತೆ ಒಳಗೆ ಬಂದಳು. ಒಳಗೆ ಕೂತಿದ್ದವನು ಅವಳ ಜೊತೆ ಓದುವ ಉದ್ದನೆಯ ಹುಡುಗ. ಅವನ ಮೂಗಿನ ಮೇಲೇ ದಪ್ಪ ಕನ್ನಡಕ.

"ತನ್ನ ಕಣ್ಣೇ ಸರಿಯಿಲ್ಲ, ನನ್ನ ಕಣ್ಣು ನೋಡ್ತಾನಂತೆ" ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ. ಹುಡುಗನಿಗೂ ಕೇಳಿಸಿತು. ಅವನು ನಕ್ಕ.

"ಇದುವರೆಗೆ ಎಷ್ಟು ಜನರ ಕಣ್ಣು ಕೆಡಿಸಿದೀಯಪ್ಪ?"

"ಒಬ್ಬರದ್ದೂ ಇಲ್ಲ ಅಂಕಲ್. ನಮ್ಮನ್ನ ಅಷ್ಟು ಸುಲಭವಾಗಿ ರೋಗಿಗಳ ಹತ್ರ ಬಿಡಲ್ಲ. ಮೊದಲು ಪ್ಲಾಸ್ಟಿಕ್ ಕಣ್ಣಿನ ಮೇಲೆ ಕಲೀಬೇಕು. ಆಮೇಲೆ ಒಬ್ಬರ ಕಣ್ಣು ಇನ್ನೊಬ್ಬರು ನೋಡ್ಬೇಕು. ನನ್ನ ಕಣ್ಣನ್ನಂತೂ ಕ್ಲಾಸಿನೋರೆಲ್ಲ ಬಾಯಿಪಾಠ ಮಾಡಿದಾರೆ. ಅದರಲ್ಲಿ ಪಾಸಾದ ಮೇಲೇ ಇಲ್ಲಿಗೆ. ಇಲ್ಲೂ ನಾನು ನೋಡಿದ್ದನ್ನೆಲ್ಲ ಮೇಡಂ ಮತ್ತೆ ನೋಡ್ತಾರೆ. ನಿಮಗೆ ನಾನು ಬೇಡ ಅನ್ಸಿದ್ರೆ ಈಗ್ಲೇ ಹೇಳಿ, ಮೇಡಮ್ಮೇ ನೋಡ್ತಾರೆ."

ಬೇಡ ಎನ್ನಲು ಬಾಯಿ ತೆರೆದವನು ಮುಚ್ಚಿದ. ಹುಡುಗ ಎಲ್ಲಿ ತಪ್ಪುತ್ತಾನೋ ನೋಡಿಯೇಬಿಡೋಣ ಎನಿಸಿತು.

ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಗಡಗಡನೆ ಓದಿದ. "ನೋಡಿದ್ಯಾ?" ಎಂಬಂತೆ ಹೆಂಡತಿಯತ್ತ ತಿರುಗಿದ. ಹತ್ತಿರದ ಓದಿಗೆ ಹುಡುಗ ಗಾಜು ಬದಲಿಸಿ ಬದಲಿಸಿ ಕನ್ನಡಕದ ನಂಬರ್ ಗೊತ್ತುಮಾಡಿದ. ಅಷ್ಟರಲ್ಲಿ ಮೇಡಂ ಬಂದರು. ತಲೆ ನರೆತ, ಕಡಿಮೆ ಮಾತಿನ ಹೆಂಗಸು. ತಾವೇ ಗಾಜು ಹಾಕಿ ನೋಡಿ, "ಇದು ಸ್ವಲ್ಪ ಜಾಸ್ತಿ ಆಯ್ತು. ಇವರು ಪೇಪರ್ ಎಷ್ಟು ದೂರ ಹಿಡಿದು ಓದ್ತಾರೆ ಅಂತ ಕೇಳಿದ್ಯಾ?" ಎಂದರು. ಹುಡುಗ ತಲೆ ತಗ್ಗಿಸಿದ.

ವ್ಯಾನ್ ಮಾವ ಕುರ್ಚಿಯಲ್ಲೇ ನೆಟ್ಟಗಾದ. "ತಪ್ಪು ಮಾಡ್ದ ಅಲ್ವಾ? ನಾನು ಹೇಳ್ಲಿಲ್ವಾ!"

"ಮಾಡ್ದ" ಎಂದರು ಮೇಡಂ. "ಅದಕ್ಕೇ ನಾನಿರೋದು. ಅವನ ತಪ್ಪು ಈ ಕೋಣೆ ದಾಟಿ ಹೊರಗೆ ಹೋಗಲ್ಲ. ನೀವು ಯಾರಿಗಾದ್ರೂ ಡ್ರೈವಿಂಗ್ ಕಲಿಸಿದೀರಾ?"

"ಕಲಿಸಿದೀನಿ."

"ಪಕ್ಕದಲ್ಲಿ ಕೂತು ಕಲಿಸಿದ್ರೋ, ಮನೇಲಿ ಮಲಗಿ ಕಲಿಸಿದ್ರೋ?"

ಮೇಡಂ ಹುಡುಗನಿಗೆ ಮುಂದುವರಿಸು ಎಂದು ಸನ್ನೆ ಮಾಡಿ ಪಕ್ಕದಲ್ಲೇ ನಿಂತರು.

ಹುಡುಗ ಎದುರಿಗೆ ಕೂತ. "ಬಲಗಣ್ಣು ಅಂಗೈಯಿಂದ ಮುಚ್ಕೊಳ್ಳಿ ಅಂಕಲ್. ಎಡಗಣ್ಣಲ್ಲಿ ನನ್ನ ಮೂಗನ್ನೇ ನೋಡ್ತಿರಿ, ಆ ಕಡೆ ಈ ಕಡೆ ನೋಡ್ಬೇಡಿ. ನಾನು ಪಕ್ಕದಿಂದ ಬೆರಳು ತರ್ತೀನಿ. ಕಂಡ ತಕ್ಷಣ ಹೇಳಿ."

ವ್ಯಾನ್ ಮಾವ ಮೂಗು ನೋಡುತ್ತಾ ಕಾದ. ಕಾದೇ ಕಾದ.

"ಕಾಣ್ತಾ ಅಂಕಲ್?"

"ಏನು ಕಾಣ್ಬೇಕು? ನೀನಿನ್ನೂ ಕೈ ಎತ್ತೇ ಇಲ್ವಲ್ಲ."

ಹಿಂದೆ ಕೂತಿದ್ದ ಹೆಂಡತಿ ಮುಂದಕ್ಕೆ ಬಾಗಿದಳು. "ರೀ, ಎತ್ತಿದಾನೆ. ಆಗ್ಲಿಂದ ಬೆರಳು ಆಡಿಸ್ತಾನೇ ಇದಾನೆ."

"ನೀನೂ ಇವರ ಕಡೆ ಸೇರ್ಕೊಂಡ್ಯಾ? ನನಗೆ ನಂಬಿಕೆ ಇಲ್ಲ. ನೀನೇ ಬಾ, ನಿನ್ನ ಕೈ ತೋರಿಸು."

ಮೇಡಂ ತಲೆಯಾಡಿಸಿದರು. ಹೆಂಡತಿ ಎದ್ದು ಬಂದು ಅವನ ಎಡಗಡೆ ನಿಂತು ಕೈ ಎತ್ತಿದಳು. ಅವನು ಹುಡುಗನ ಮೂಗಿನ ಮೇಲೆ ನೋಟ ನೆಟ್ಟಿದ್ದ. ಕೋಣೆ ನಿಶ್ಶಬ್ದವಾಗಿತ್ತು. ಅವಳು ಕೈ ಆಡಿಸಿದಳು. ಗಾಜಿನ ಬಳೆಗಳು ಕಿಣಿಕಿಣಿ ಎಂದವು.

ಸದ್ದು ಅವನ ಎಡಗಿವಿಯ ಪಕ್ಕದಲ್ಲೇ ಇತ್ತು. ಆ ಬಳೆಯ ಸದ್ದನ್ನು ಅವನು ಸಾವಿರ ಜನರ ನಡುವೆಯೂ ಗುರುತಿಸಬಲ್ಲ. ಕೈ ಮಾತ್ರ ಕಾಣಲಿಲ್ಲ. ಬಳೆ ಮತ್ತೆ ಸದ್ದು ಮಾಡಿತು. ಕತ್ತಲೆಯೂ ಇಲ್ಲ, ಮಂಜೂ ಇಲ್ಲ. ಅಲ್ಲಿ ಏನೂ ಇರಲಿಲ್ಲ, ಅಷ್ಟೇ.

ಇನ್ನು ಯಾರ ಮೇಲೆ ಅನುಮಾನ ಪಡುವುದು? ಬಳೆಯ ಮೇಲೆಯೇ?

"ಎಲ್ಲಿದೆಯೇ ನಿನ್ನ ಕೈ?" ಎಂದ. ಅವಳು ಆ ಕೈಯನ್ನು ಅವನ ಭುಜದ ಮೇಲಿಟ್ಟಳು.

ಆಮೇಲೆ ಅವರು ಹೇಳಿದ ಪರೀಕ್ಷೆಗೆಲ್ಲ ವ್ಯಾನ್ ಮಾವ ಕೂತ. ಹುಡುಗ ಕಣ್ಣಿಗೆ ಪುಸ್ ಎಂದು ಗಾಳಿ ಬಿಡುವ ಯಂತ್ರದಿಂದ ಕಣ್ಣಿನೊಳಗಿನ ಒತ್ತಡ ಅಳೆದ. ಹೆಚ್ಚು ಬಂತು. ಮೇಡಂ ಕಣ್ಣು ಮರಗಟ್ಟಿಸುವ ಹನಿ ಹಾಕಿ ಬೇರೆ ವಿಧಾನದಲ್ಲಿ ತಾವೇ ಅಳೆದರು. ಆಗಲೂ ಹೆಚ್ಚೇ ಬಂತು. ಇನ್ನೊಂದು ಯಂತ್ರದಲ್ಲಿ ಮಿಣುಕುವ ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತಿಸಿ ಪಕ್ಕದ ನೋಟ ಎಷ್ಟು ಉಳಿದಿದೆ ಎಂದು ನೋಡಿದರು. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕಣ್ಣಿನ ಡಾಕ್ಟರ್ ಬಂದು, ಹೆಂಡತಿಯಿಂದ ನಡೆದದ್ದೆಲ್ಲ ಕೇಳಿಕೊಂಡು, ಒಳಗಿನ ನರವನ್ನು ಪರೀಕ್ಷಿಸಿದರು.

"ಇದು ಗ್ಲಾಕೋಮಾ" ಎಂದರು ಡಾಕ್ಟರ್. "ಒತ್ತಡಕ್ಕೆ ಕಣ್ಣಿನ ನರ ನಿಧಾನವಾಗಿ ಸಾಯುತ್ತೆ. ನೋವಿಲ್ಲ, ಕೆಂಪಾಗೋದಿಲ್ಲ. ಸುತ್ತಲಿನ ನೋಟ ಮೊದಲು ಹೋಗುತ್ತೆ, ನಡುವಿನದು ಕೊನೇವರೆಗೂ ಇರುತ್ತೆ. ಅದಕ್ಕೇ ಬೋರ್ಡ್ ಓದಿದ್ರಿ, ಮಗು ಕಾಣ್ಲಿಲ್ಲ. ಎಡಗಣ್ಣಲ್ಲಿ ತುಂಬ ಹೋಗಿದೆ, ಬಲಗಣ್ಣಲ್ಲೂ ಶುರುವಾಗಿದೆ."

"ಹೋಗಿದ್ದು ವಾಪಸ್ ಬರುತ್ತಾ ಡಾಕ್ಟ್ರೇ?"

"ಬರಲ್ಲ. ಉಳಿದಿರೋದನ್ನ ಉಳಿಸ್ಕೋಬಹುದು. ದಿನಾ ಹನಿ ಹಾಕ್ಬೇಕು, ಮರೀಬಾರದು, ನಾವು ಹೇಳ್ದೆ ನಿಲ್ಲಿಸಬಾರದು. ಮತ್ತೆ, ಗಾಡಿ ಓಡಿಸೋ ಹಾಗಿಲ್ಲ."

ಕೊನೆಯ ಮಾತನ್ನು ಅವನು ನಿರೀಕ್ಷಿಸಿದ್ದ. ಆದರೂ ಮರಳುವಾಗ ಆಟೋದಲ್ಲಿ ಹುಡುಗಿಯತ್ತ ಓರೆಗಣ್ಣಲ್ಲಿ ನೋಡಿ, "ಕೊನೆಗೂ ಸ್ಟೇರಿಂಗ್ ಕಿತ್ಕೊಂಡ್ರಿ" ಎಂದ. ಹುಡುಗಿ ಕಣ್ಣು ತುಂಬಿಕೊಂಡಳು. ಅವನು ಅವಳ ತಲೆ ಸವರಿ, "ಇನ್ನೂ ಮುಂಚೆ ಕಿತ್ಕೋಬೇಕಿತ್ತು ಕಣಮ್ಮ" ಎಂದ.

ಸಂಜೆ ವೆಲ್ಡಿಂಗ್ ಶೆಡ್ಡಿಗೆ ಹೋದ. "ಗೀರಿದ್ದು ನೀನೇ ಅಂದ್ಕೊಂಡಿದ್ದೆ ಕಣಯ್ಯ."

"ಗೊತ್ತಿತ್ತು" ಎಂದ ವೆಲ್ಡಿಂಗಿನವನು. "ನಾನು ಗೀರಿದ್ರೆ ಅಷ್ಟು ಸೊಟ್ಟಗೆ ಗೀರ್ತಿದ್ನಾ? ಕೂತ್ಕೋ, ಟೀ ತರಿಸ್ತೀನಿ."

ವ್ಯಾನಿಗೆ ಬೇರೆ ಡ್ರೈವರ್ ಬಂದ. ವ್ಯಾನ್ ಮಾವ ಈಗ ಒಳಗೆ ಮಕ್ಕಳ ಜೊತೆ ಕೂರುತ್ತಾನೆ. ಇಳಿಯುವ ಪ್ರತಿ ಮಗುವಿನ ಜೊತೆ ತಾನೂ ಇಳಿಯುತ್ತಾನೆ. ಕತ್ತನ್ನು ಪೂರ್ತಿ ತಿರುಗಿಸಿ ಎಡಕ್ಕೂ ಬಲಕ್ಕೂ ನೋಡಿ, ಕೈಹಿಡಿದು ಮನೆ ಬಾಗಿಲಿಗೆ ಮುಟ್ಟಿಸಿ ಬರುತ್ತಾನೆ. ಮೊದಮೊದಲು ಆ ಸೀಟಿನಲ್ಲಿ ಕೂತಾಗ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಹೊಸ ಡ್ರೈವರ್ ಮೇಲೆ ಅನುಮಾನ ಇನ್ನೂ ಇದೆ, ಅದು ಬೇರೆ ಮಾತು.

ಡಾಕ್ಟರ್ ಇನ್ನೊಂದು ವಿಷಯ ಹೇಳಿದ್ದರು. ಇದು ಒಂದೇ ರಕ್ತದಲ್ಲಿ ಹರಿದು ಬರಬಹುದು, ಒಡಹುಟ್ಟಿದವರನ್ನೂ ಕರೆತನ್ನಿ ಎಂದು. ವ್ಯಾನ್ ಮಾವನಿಗೆ ಒಬ್ಬಳೇ ತಂಗಿ. ನಾಲ್ಕು ಬೀದಿ ಆಚೆ ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ಅನುಮಾನದಲ್ಲಿ ಅಣ್ಣನಿಗೆ ಸರಿಜೋಡಿ.

"ನನಗ್ಯಾಕಣ್ಣ?" ಎಂದು ಅವಳು ಅವನ ಮುಖದೆದುರೇ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ ತೋರಿಸಿದಳು. "ನೋಡು ನನ್ನ ಕಣ್ಣು! ನಿನಗೇನೋ ಆಯ್ತು ಅಂತ ನನಗೂ ಅಂಟಿಸ್ತೀಯಾ? ಅದೂ ಓದೋ ಹುಡುಗ್ರ ಹತ್ರ! ಆ ಆಸ್ಪತ್ರೆಯೋರು ನಿನಗೇನಾದ್ರೂ ಕೊಡ್ತಾರಾ, ಜನ ಕರ್ಕೊಂಡ್ ಬಂದ್ರೆ?"

ವ್ಯಾನ್ ಮಾವ ಸಿಟ್ಟಾಗಲಿಲ್ಲ. ಕತ್ತರಿಸಿದ ಬಟ್ಟೆ ಸರಿಸಿ ಅವಳ ಎದುರು ಕೂತ. "ನಾನೂ ಬೋರ್ಡ್ ಓದಿದ್ದೆ ಕಣೇ, ಇದೇ ಠೀವಿಯಿಂದ. ಅನುಮಾನ ಪಡು, ಬೇಡ ಅನ್ನಲ್ಲ. ಅಲ್ಲಿಗೆ ಬಂದು ಪಡು. ಏನು ಮಾಡ್ತೀರಿ, ಯಾಕೆ ಮಾಡ್ತೀರಿ, ನಿಮ್ಮ ಮೇಲಿನೋರು ಯಾರು ಅಂತ ಎಲ್ಲಾ ಕೇಳು. ನಾನು ಕೇಳಿದಷ್ಟು ಯಾರೂ ಕೇಳಿರಲ್ಲ. ಯಾರೂ ಬೇಜಾರು ಮಾಡ್ಕೊಳ್ಳಲಿಲ್ಲ. ಮನೇಲಿ ಕೂತು ಅನುಮಾನ ಪಟ್ಟಿದ್ದಕ್ಕೆ ನಾನು ಅರ್ಧ ಕಣ್ಣು ಕಳ್ಕೊಂಡೆ. ಇನ್ನೊಂದು ಕ್ಷಣ ಆಗಿದ್ರೆ ಯಾರದೋ ಮಗೂನ..."

ತಂಗಿ ಸೂಜಿಯನ್ನು ದಿಂಬಿಗೆ ಚುಚ್ಚಿ ಎದ್ದಳು.

ಅವಳನ್ನು ಪರೀಕ್ಷಿಸಿದವನು ಅದೇ ದಪ್ಪ ಕನ್ನಡಕದ ಹುಡುಗ. ಈ ಸಲ ಅವನು ಕೇಳಬೇಕಾದ್ದನ್ನೆಲ್ಲ ಕೇಳಿದ, ಮೇಡಂ ಮತ್ತೆ ನೋಡಿದರೂ ಒಂದೂ ತಿದ್ದುವಂತಿರಲಿಲ್ಲ. ಅವಳ ಕಣ್ಣಿನ ಒತ್ತಡವೂ ಹೆಚ್ಚಿತ್ತು. ಡಾಕ್ಟರ್ ನರ ನೋಡಿ, ಚುಕ್ಕೆಯ ಪರೀಕ್ಷೆ ನೋಡಿ ಹೇಳಿದರು: "ಸರಿಯಾದ ಹೊತ್ತಿಗೆ ಬಂದ್ರಿ. ಏನೂ ಹಾಳಾಗಿಲ್ಲ. ಇವತ್ತಿಂದ ಹನಿ ಹಾಕಿ."

"ಏನೂ ಹೋಗಿಲ್ವಾ? ಒಂದು ಚೂರೂ?" ಎಂದು ತಂಗಿಗಿಂತ ಮೊದಲು ಕೇಳಿದವನು ಅಣ್ಣ.

"ಒಂದು ಚೂರೂ ಇಲ್ಲ."

ವ್ಯಾನ್ ಮಾವ ಡಾಕ್ಟರಿಗೆ, ಮೇಡಂಗೆ, ಕೊನೆಗೆ ಆ ಹುಡುಗನಿಗೂ ಕೈಮುಗಿದ. ಹುಡುಗ ಗಾಬರಿಯಾಗಿ ಕನ್ನಡಕ ಸರಿಪಡಿಸಿಕೊಂಡ.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಚೆನ್ನಾಗಿ ಕಾಣುತ್ತಿದೆ ಎಂದ ಮಾತ್ರಕ್ಕೆ ಕಣ್ಣು ಚೆನ್ನಾಗಿದೆ ಎಂದಲ್ಲ. ನಿಮಗೆ ನಲವತ್ತು ದಾಟಿದೆಯೇ? ಮನೆಯಲ್ಲಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯೇ? ಹಾಗಿದ್ದರೆ ಬರೀ ಕನ್ನಡಕದ ನಂಬರ್ ನೋಡಿಸಿ ಬರಬೇಡಿ, ಕಣ್ಣಿನ ಒತ್ತಡ, ಕಣ್ಣಿನ ನರ, ಪಕ್ಕದ ನೋಟ ಇವನ್ನೂ ನೋಡಿ ಎಂದು ಕೇಳಿ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಮಸುಕಾಗುತ್ತದೆ, ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ. ಕಾಲೇಜಿನ ಕ್ಲಿನಿಕ್ಕಿನಲ್ಲಿ ವಿದ್ಯಾರ್ಥಿ ಎದುರಿಗೆ ಕೂತರೆ ಹೆದರಬೇಡಿ. ನಿನ್ನ ಮೇಲಿನವರು ಮತ್ತೆ ನೋಡುತ್ತಾರಾ ಎಂದು ಕೇಳುವ ಹಕ್ಕು ನಿಮಗಿದೆ, ಬೇಡ ಎನ್ನುವ ಹಕ್ಕೂ ಇದೆ. ಇವತ್ತು ನೀವು ತಾಳ್ಮೆಯಿಂದ ಕೊಡುವ ಅರ್ಧ ಗಂಟೆಯಲ್ಲಿ ಆ ವಿದ್ಯಾರ್ಥಿ ಕಲಿತದ್ದು ನಾಳೆ ಇನ್ನೊಬ್ಬರ ದೃಷ್ಟಿ ಉಳಿಸುತ್ತದೆ.

ಅನುಮಾನ ಇದ್ದರೆ ಇರಲಿ. ಅದನ್ನು ಜೊತೆಗೇ ಕರೆದುಕೊಂಡು ಹೋಗಿ. ಆದರೆ ಈ ವಾರವೇ ಹೋಗಿ.